ಹೆಂಡತಿಯ ಕುರ್ಚಿಯಲ್ಲಿ ನಾನು

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ಹೇಳಿದ್ದನ್ನು ಮನೆಯಲ್ಲಿ ಪಾಲಿಸುತ್ತಾರೋ ಇಲ್ಲವೋ ಎಂದು ನೋಡಲು ವಿದ್ಯಾರ್ಥಿಗಳು ಹಿಂದೆ ಬರುವುದಿಲ್ಲ. ಚನ್ನಪಟ್ಟಣದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರಾಗಿ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ನನಗೆ ಅನ್ನ ಹಾಕಿದವನು ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ತತ್ತ್ವಜ್ಞಾನಿ, ವ್ಯಕ್ತಿಸ್ವಾತಂತ್ರ್ಯದ ದೊಡ್ಡ ವಕೀಲ. ಹೆಸರು ಹೇಳುವುದಿಲ್ಲ. ಮುಂದಿನದನ್ನು ಓದಿದರೆ, ನನ್ನ ಪಕ್ಕದಲ್ಲಿ ಅವನ ಹೆಸರು ಬರದಿರುವುದೇ ಅವನಿಗೆ ಗೌರವ ಎಂದು ನೀವೂ ಒಪ್ಪುತ್ತೀರಿ.

ಅವನ ಅಪ್ಪ ಅವನಿಗೆ ಮೂರನೇ ವಯಸ್ಸಿಗೇ ಗ್ರೀಕ್ ಕಲಿಸಿದನಂತೆ. ಆಟವಿಲ್ಲ, ಜೊತೆಗಾರರಿಲ್ಲ. ಇಪ್ಪತ್ತಕ್ಕೆಲ್ಲ ತಲೆ ತುಂಬಿ ಮನಸ್ಸು ಬರಿದಾಗಿ ಕುಸಿದುಹೋದ. ಕವಿತೆ ಓದಿ ಚೇತರಿಸಿಕೊಂಡ. ಊರೆಲ್ಲ ಒಂದು ಕಡೆಯಾಗಿ ಒಬ್ಬನೇ ಇನ್ನೊಂದು ಕಡೆ ನಿಂತರೂ ಅವನ ಬಾಯಿ ಮುಚ್ಚಿಸುವ ಹಕ್ಕು ಊರಿಗಿಲ್ಲ ಎಂದು ವಾದಿಸಿದ. ಹೆಂಗಸರಿಗೂ ಮತದ ಹಕ್ಕು ಕೊಡಿ ಎಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತ. ಮದುವೆಯಾಗುವಾಗ, ಕಾನೂನು ಗಂಡನಿಗೆ ಕೊಡುವ ಅಧಿಕಾರ ತನಗೆ ಬೇಡವೆಂದು ಬರೆದಿಟ್ಟ. ಇದನ್ನು ಹೇಳುವಾಗ ಪ್ರತಿ ವರ್ಷವೂ ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಕೋಪದ ಭಾಗ. ಇದೇ ಮಹಾನುಭಾವ ನಮ್ಮನ್ನು ಆಳುತ್ತಿದ್ದ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು, ನಮ್ಮ ದೇಶದ ಮುಖವನ್ನೇ ನೋಡದೆ, ನಮ್ಮಂಥವರು ಸ್ವಾತಂತ್ರ್ಯಕ್ಕೆ ಇನ್ನೂ ತಯಾರಾಗಿಲ್ಲ, ಅಲ್ಲಿಯವರೆಗೆ ಒಳ್ಳೆಯ ಯಜಮಾನ ನೋಡಿಕೊಳ್ಳಲಿ ಎಂದಿದ್ದ. "ತಯಾರಾಗಿಲ್ಲ ಅನ್ನೋದಕ್ಕೆ ಇವನ್ಯಾರು?" ಎಂದು ನಾನು ಮೇಜು ಗುದ್ದುತ್ತಿದ್ದೆ.

ಹೀಗಿರುವಾಗ ರಾಮನಗರದ ಪಕ್ಕದ ನಮ್ಮೂರಿನ ಪಂಚಾಯಿತಿಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ನನ್ನ ಹೆಂಡತಿ ಜಯಮ್ಮ ನಿಂತಳು, ಗೆದ್ದಳು. ಸಭೆಗೆ ಮಾತ್ರ ನಾನು ಹೋದೆ. ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಸದಸ್ಯೆಯರ ಕುರ್ಚಿಯಲ್ಲಿ ಗಂಡಂದಿರು ಕೂರುತ್ತಾರೆ, ಬೋಂಡ ತಿನ್ನುತ್ತಾರೆ, ತೀರ್ಮಾನ ಮಾಡುತ್ತಾರೆ. ಆಮೇಲೆ ಬಿಲ್ ಕಲೆಕ್ಟರ್ ನಡವಳಿ ಪುಸ್ತಕವನ್ನು ಮನೆಮನೆಗೆ ತಂದು ಹೆಂಗಸರ ಸಹಿ ಹಾಕಿಸಿಕೊಂಡು ಹೋಗುತ್ತಾನೆ. "ಅವಳಿಗೆ ಇನ್ನೂ ಅಭ್ಯಾಸವಿಲ್ಲ, ಅಲ್ಲೀವರೆಗೂ ನಾನು ನೋಡ್ಕೋತೀನಿ" ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕಾಲೇಜಿನಲ್ಲಿ ಗುದ್ದಿದ ಮೇಜು ಆಗ ನೆನಪಿಗೆ ಬರಲಿಲ್ಲ.

ಒಂದು ಸಭೆಯಲ್ಲಿ ನಮ್ಮ ವಾರ್ಡಿಗೊಂದು ನೀರಿನ ಮಿನಿ ಟ್ಯಾಂಕ್ ಬಂತು. ಎಲ್ಲಿ ಇಡುವುದು ಎಂದಾಗ ಅಧ್ಯಕ್ಷೆಯ ಗಂಡ, "ಮೇಷ್ಟ್ರು ಮನೆ ಮುಂದೇನೇ ಇಕ್ಕಾಣ ಬುಡಿ, ನಮ್ಗೆ ಬೇಕಾದೋರು" ಎಂದರು. ನಾನು ಸಂಕೋಚದಿಂದ ಇನ್ನೊಂದು ಬೋಂಡ ತೆಗೆದುಕೊಂಡೆ. ಮನೆಗೆ ಬಂದು ಈ ಸಾಧನೆಯನ್ನು ಹೇಳಿದಾಗ ಅವರೆಕಾಯಿ ಸುಲಿಯುತ್ತಿದ್ದ ಜಯಮ್ಮನ ಕೈ ನಿಂತಿತು.

"ರೀಲಿಂಗ್ ಬೀದಿಗೆ ಹಾಕಿಸ್ತೀನಿ ಅಂತ ಓಟು ಕೇಳಿದ್ದೆ ನಾನು. ರೇಷ್ಮೆ ಗೂಡು ಬೇಯ್ಸೋ ಬಿಸಿನೀರಲ್ಲಿ ಆ ಹೆಂಗಸ್ರ ಕೈಯೆಲ್ಲ ಸುಲ್ದೋಗೈತೆ. ಅದೇ ಕೈಲಿ ಕೊಡ ಹಿಡ್ಕೊಂಡು ಕೆರೆ ಏರಿಯಿಂದ ನೀರು ತತ್ತಾವ್ರೆ. ನಮ್ಮನೇಲಿ ಬೋರ್‌ವೆಲ್ ಐತಲ್ಲ?"

"ನನಗೆ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಮಾರನೆಯ ದಿನ ಬಿಲ್ ಕಲೆಕ್ಟರ್ ಸಿದ್ದರಾಜು ಪುಸ್ತಕ ತಂದ. ಎಂದಿನಂತೆ ನಾನು ಸಹಿಯ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ. ಅವಳು ಪುಸ್ತಕ ಎಳೆದುಕೊಂಡು ಮೊದಲ ಸಾಲಿನಿಂದ ಓದಿದಳು. "ಇದಕ್ಕೆ ನಾನು ಸೈನ್ ಹಾಕಾಕಿಲ್ಲ" ಎಂದಳು.

"ಅಕ್ಕಾ, ಮೇಷ್ಟ್ರೇ ಒಪ್ಪವ್ರಲ್ಲ."

"ಮೇಷ್ಟ್ರನ್ನ ಯಾವ ವಾರ್ಡಿನೋರು ಗೆಲ್ಸವ್ರೆ, ಸಿದ್ದರಾಜಣ್ಣ?"

ಸಿದ್ದರಾಜು ಗೋಡೆ ನೋಡಿದ. ನಾನು ನನ್ನ ಬೆರಳನ್ನು ನೋಡಿಕೊಂಡೆ. ನನ್ನ ಪಾಠದ ಆ ಇಂಗ್ಲಿಷ್ ತತ್ತ್ವಜ್ಞಾನಿ ಕಾನೂನು ಕೊಟ್ಟ ಅಧಿಕಾರವನ್ನೇ ಬೇಡವೆಂದ. ನಾನು ಯಾವ ಕಾನೂನೂ ಕೊಡದ ಅಧಿಕಾರವನ್ನು ಬೋಂಡದ ಜೊತೆ ಸವಿದಿದ್ದೆ. ಲಂಡನ್ನಿನಲ್ಲಿ ಕೂತವನಿಗೆ ಕೊನೇಪಕ್ಷ ನಾವು ಕಣ್ಣಿಗೆ ಬಿದ್ದಿರಲಿಲ್ಲ. ಜಯಮ್ಮ ದಿನಾ ನನ್ನೆದುರಿಗೇ ಊಟಕ್ಕೆ ಕೂರುತ್ತಿದ್ದಳು.

ಮುಂದಿನ ಸಭೆಗೆ ಅವಳೇ ಹೋದಳು. ನಾನು ಜೊತೆಗೆ ಹೋಗಿ ಆಫೀಸಿನ ಹೊರಗೆ ಕಲ್ಲಿನ ಮೇಲೆ ಕುಳಿತೆ. ಕಿಟಕಿಯಿಂದ ಅವಳ ದನಿ ಕೇಳುತ್ತಿತ್ತು. ಮೊದಲು ಸ್ವಲ್ಪ ನಡುಗಿತು. ಅಧ್ಯಕ್ಷೆಯ ಗಂಡ ಮಧ್ಯೆ ಬಾಯಿ ಹಾಕಿದಾಗ ನಡುಕ ನಿಂತುಹೋಯಿತು. "ಅಣ್ಣಾ, ನೀವು ಮಾತಾಡಿದ್ದನ್ನ ಪುಸ್ತಕದಲ್ಲಿ ಯಾರ ಹೆಸ್ರಿಗೆ ಬರ್ಕೊಳ್ಳಾನ?" ಎಂದು ಕೇಳಿದಳು. ಟ್ಯಾಂಕ್ ರೀಲಿಂಗ್ ಬೀದಿಗೇ ಎಂದು ತೀರ್ಮಾನವಾಯಿತು. ಇಷ್ಟು ವರ್ಷದ ನನ್ನ ಪಾಠಗಳಲ್ಲಿ ಇಷ್ಟು ಸಲೀಸಾಗಿ ಯಾವುದೂ ಯಾರಿಗೂ ಅರ್ಥವಾಗಿರಲಿಲ್ಲ.

ಆಗ ಹಸು ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಚಿಕ್ಕಣ್ಣ ನಿಂತು, "ಏನ್ ಮೇಷ್ಟ್ರೇ, ಒಳ್ಗೆ ಮೀಟಿಂಗ್ ನಡೀತೈತೆ, ನೀವು ಈಚೆ ಕುಂತಿದೀರಲ್ಲ?" ಎಂದ.

ಇದಕ್ಕೆ ಸರಳವಾದ ಉತ್ತರವೊಂದಿತ್ತು. ಅದು ನನ್ನ ನಾಲಿಗೆಗೆ ಬರಲಿಲ್ಲ.

"ಒಸಿ ಮೈಗೆ ಹುಷಾರಿಲ್ಲ ಕಣಪ್ಪ. ಅದಕ್ಕೇ ಇವತ್ತು ಅವಳನ್ನ ಕಳಿಸ್ದೆ."

ಸಭೆ ಮುಗಿಸಿ ಮೆಟ್ಟಿಲ ಮೇಲೆ ಬಂದು ನಿಂತಿದ್ದ ಜಯಮ್ಮ ಇದನ್ನು ಕೇಳಿಸಿಕೊಂಡಳು. ಇಳಿದು ಬಂದು, ಚಿಕ್ಕಣ್ಣನ ಎದುರಿಗೇ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಏನೂ ಇಲ್ಲ. ನಡೀರಿ" ಎಂದಳು.