ಅಯ್ನೋರ ಪ್ಯಾಂಟು, ಅಮ್ಮಾರ ಚೌಪಾಟಿ

‘ಘರಾತ್ ರಹಾ, ಸುರಕ್ಷಿತ್ ರಹಾ!’ ಎಂದು ಕೂಗುತ್ತ ಕಸದ ಗಾಡಿ ಓಣಿಯಲ್ಲಿ ಹಾದುಹೋಯಿತು. ಮನೆಯಲ್ಲೇ ಇರಿ ಎಂಬ ಆ ಉಪದೇಶ ತನ್ನೊಬ್ಬಳಿಗೇ ಹೇಳಿದ್ದೆಂದು ಶಿವಕಾಂತಾಗೆ ಅನ್ನಿಸಿತು.

“ಮದಿವ್ಯಾದಾಗಿಂದ ಮನ್ಯಾಗೇ ಇದ್ದೀನಿ. ಅದಕ್ಕ ಮೈಕ್ ಯಾಕ ಬೇಕು?” ಎಂದಳು ಗೋಡೆಗೆ.

ಈ ಬೇಸಿಗೆಯಲ್ಲಿ ಮುಂಬೈಗೆ ಅಕ್ಕನ ಮನೆಗೆ ಹೋಗಿ, ಚೌಪಾಟಿಯ ಸಮುದ್ರದಲ್ಲಿ ಕಾಲಿಟ್ಟು ನಿಲ್ಲಬೇಕೆಂದು ಟಿಕೆಟ್ ತೆಗೆಸಿದ್ದಳು. ರೋಗ ಬಂತು, ರೈಲೇ ನಿಂತುಹೋಯಿತು. ಅವಳು ಊರು ನೋಡದವಳೇನಲ್ಲ. ಆದರೆ ಗಂಡ ಅಮರಯ್ಯ ಜಂಗಮರು. ಭಕ್ತರ ಪಾಲಿಗೆ ಅಯ್ನೋರು. ಹೀಗಾಗಿ ನೋಡಿದ ಊರಿಗೆಲ್ಲ ಒಂದೊಂದು ಪೂಜೆ ಅಂಟಿಕೊಂಡಿತ್ತು. ಉದಗೀರ ಎಂದರೆ ಗೃಹಪ್ರವೇಶ, ನಿಲಂಗಾ ಎಂದರೆ ತೊಟ್ಟಿಲು, ಸಾಸ್ತೂರ ಎಂದರೆ ಬೋರ್‌ವೆಲ್ ಪೂಜೆ. ಒಮ್ಮೆ ಬಸ್ಸಿನ ಕಂಡಕ್ಟರ್ ಕೂಡ ಅಯ್ನೋರ ಕಾಲಿಗೆ ಬಿದ್ದಿದ್ದ (ಎದ್ದ ಮೇಲೆ ಟಿಕೆಟ್ ಹರಿದುಕೊಟ್ಟ, ಅದು ಬೇರೆ ಮಾತು).

ಈಗ ಸಂಜೆ ಹೊರಗೆ ಹೋಗಲು ಸರಕಾರದ ಅಪ್ಪಣೆ ಸಿಕ್ಕಿತ್ತು. ಅವರ ಗಡಿಯೂರು ಉಮರ್ಗಾದ ಅಂಚಿನಲ್ಲೊಂದು ಕೆರೆ. ದಂಡೆಯ ಮೇಲೆ ಯಾವುದೋ ಕೆಲಸಕ್ಕೆ ತಂದು ಉಳಿದ ಮರಳು, ಒಂದು ಸಿಮೆಂಟ್ ಬೆಂಚು, ಚುರುಮುರಿ ಕಲಸಿ ಕೊಡುವ ಭೇಳದ ಗಾಡಿ. ಊರವರು ಅದಕ್ಕೂ ಚೌಪಾಟಿ ಎಂದೇ ಹೆಸರಿಟ್ಟಿದ್ದರು.

“ಮುಂಬೈ ಹೋತು, ಊರಾಗೇ ಸೂಟಿ ಮಾಡೋಣ್ರೀ. ನಾವಿಬ್ರೇ ಚೌಪಾಟಿಗಿ ಹೋಗೋದು, ನೀರಾಗ ಕಾಲಿಡೋದು, ಭೇಳ ತಿನ್ನೋದು. ಆದ್ರ ಯಾರೂ ನಿಮ್ಮ ಕಾಲಿಗಿ ಬೀಳಬಾರದು.”

“ಬೀಳೋರಿಗಿ ನಾ ಹ್ಯಾಂಗ ಬ್ಯಾಡನ್ಲಿ? ಅದು ಅವರ ಭಕ್ತಿ.”

“ಅದಕ್ಕೂ ಉಪಾಯ ಮಾಡೀನಿ.”

ಉಪಾಯ ಮಂಚದ ಮೇಲೆ ಮಲಗಿತ್ತು: ಅವಳ ತಮ್ಮ ಸಿದ್ಧೇಶ್ವರನ ಪ್ಯಾಂಟು. ಹುಟ್ಟಿದಾಗಿನಿಂದ ಧೋತರ ಬಿಟ್ಟು ಬೇರೇನೂ ಉಡದ ಅಮರಯ್ಯನವರು ಹಾವು ಕಂಡಂತೆ ಹಿಂದೆ ಸರಿದರು.

“ಏ, ಇದರಾಗ ಇಬ್ರು ಅಯ್ನೋರು ಹಿಡಸ್ತಾರ!”

“ನೀವೊಬ್ರೇ ಇದರಾಗ ಹೊಗ್ರಿ. ಉಳದ ಜಾಗಾದಾಗ ನಿಮ್ಮ ನೆವ ಇಟ್ಕೋರಿ.”

ವೇಷಾಂತರ ಮಹೋತ್ಸವ ನಡೆಯಿತು. ಪ್ಯಾಂಟು ಜಾರದಂತೆ ನಡುವಿಗೆ ಲಂಗದ ದಾರದ ನಾಡಾ ಬಿಗಿದಳು. ಹಣೆಯ ವಿಭೂತಿ ಒರೆಸಲು ಅವರು ಸುತರಾಂ ಒಪ್ಪಲಿಲ್ಲ. ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದಳು. ಮೂಗು ಬಾಯಿಗೆ ಮಾಸ್ಕು. ಅಯ್ನೋರಲ್ಲಿ ಈಗ ಉಳಿದದ್ದು ಎರಡು ಕಣ್ಣು ಮಾತ್ರ, ಅವೂ ಗಾಬರಿಯಾಗಿದ್ದವು.

“ಬಾಯಿ ತೆಗೀಬ್ಯಾಡ್ರಿ. ನಿಮ್ಮ ದನಿ ಊರಿಗೆಲ್ಲ ಗೊತ್ತದ.”

ಕೆರೆಯ ದಂಡೆಯಲ್ಲಿ ಒಬ್ಬರೂ ಗುರುತು ಹಿಡಿಯಲಿಲ್ಲ. ಒಬ್ಬ ಹುಡುಗನಂತೂ ಅಯ್ನೋರನ್ನು ನೂಕಿಕೊಂಡೇ ಮುಂದೆ ಹೋದ. ಶಿವಕಾಂತಾಳ ಕಣ್ಣು ತುಂಬಿಬಂತು. ತೊಗರಿ ಹೊಲಗಳ ಆಚೆ ಸೂರ್ಯ ಇಳಿಯುತ್ತಿದ್ದ. ನೀರಿನ ಮೇಲಿನ ಗಾಳಿ ಅವಳ ಸೆರಗನ್ನು ಮೆಲ್ಲಗೆ ಎತ್ತಿ ನೋಡಿತು. ಒಂದೇ ಕಾಗದದಲ್ಲಿ ಇಬ್ಬರಿಗೂ ಭೇಳ ಕಟ್ಟಿಸಿದಳು. ಇನ್ನು ಚಪ್ಪಲಿ ಬಿಟ್ಟು ನೀರಿಗಿಳಿಯುವುದೊಂದೇ ಬಾಕಿ.

ಆಗಲೇ ನಾಡಾ ಸಡಿಲಾಯಿತು. ಅಯ್ನೋರು ಮೂಕರಾಗಿಯೇ ಕಣ್ಣಲ್ಲಿ ಬೊಬ್ಬೆ ಹೊಡೆದರು. ಶಿವಕಾಂತಾ ಹತ್ತಿರ ಸರಿದು ಅವರ ನಡು ಹಿಡಿದು ಗಂಟು ಬಿಗಿಯತೊಡಗಿದಳು.

“ಅಮ್ಮಾರ... ಶರಣ್ರೀ.”

ತಿರುಗಿದರೆ ದಾಳಿಂಬ ಎಂಬ ಊರಿನ ರಂಭಾಬಾಯಿ, ಮನೆತನದ ಭಕ್ತೆ. ಒಂದು ಸುದ್ದಿ ಅವಳ ಕಿವಿಗೆ ಬಿದ್ದರೆ ಮೊಬೈಲಿಗೂ ನಾಚಿಕೆಯಾಗುವ ವೇಗದಲ್ಲಿ ತಾಲೂಕು ಸುತ್ತುತ್ತಿತ್ತು.

“ಅಯ್ನೋರು ಎಲ್ಲಿ ಅದಾರ್ರೀ ಅಮ್ಮಾರ?”

“ಮನ್ಯಾಗ ಅದಾರ,” ಎಂದುಬಿಟ್ಟಳು ಶಿವಕಾಂತಾ. ಕೈ ಇನ್ನೂ ನಾಡಾದ ಮೇಲೆಯೇ ಇತ್ತು.

ರಂಭಾಬಾಯಿ ಆ ಕೈಯನ್ನು ನೋಡಿದಳು. ಪ್ಯಾಂಟನ್ನು ನೋಡಿದಳು. ಒಂದೇ ಕಾಗದದ ಭೇಳವನ್ನೂ ನೋಡಿದಳು.

“ಹಂಗಾರ... ಇಂವಾ ಯಾರ್ರೀ?”

ಅಯ್ನೋರು ಹೆಂಡತಿಯ ಆಜ್ಞೆಯಂತೆ ತುಟಿ ಬಿಚ್ಚಲಿಲ್ಲ. (ಮದುವೆಯಾದ ಮೇಲೆ ಪೂರಾ ಪಾಲಿಸಿದ ಮೊದಲ ಆಜ್ಞೆ.)

“ಏ ರೇವಣಪ್ಪಾರ!” ರಂಭಾಬಾಯಿ ಗಂಡನನ್ನು ಕೂಗಿದಳು. “ಲಗೂ ಬರ್ರಿ! ನಮ್ಮ ಅಮ್ಮಾರನ್ನ ನೋಡ್ರಿಲ್ಲಿ!”

ಭೇಳದ ಗಾಡಿಯ ಮುಂದಿದ್ದ ತಲೆಗಳೆಲ್ಲ ಇತ್ತ ತಿರುಗಿದವು. ಚೌಪಾಟಿ ಇವತ್ತಲ್ಲದಿದ್ದರೆ ನಾಳೆ ಸಿಕ್ಕೀತು, ಮಾನ ಸಿಕ್ಕೀತೇ? ಶಿವಕಾಂತಾ ಒಂದೇ ಏಟಿಗೆ ಟೊಪ್ಪಿಗೆ, ಮಾಸ್ಕು ಎರಡನ್ನೂ ಕಿತ್ತೊಗೆದಳು. ಹಣೆಯ ಮೇಲೆ ಮೂರು ಗೆರೆ ವಿಭೂತಿ ಝಗ್ಗನೆ ಬೆಳಗಿತು.

“ಅಯ್ನೋರೇ ಇವರು! ನನ್ನ ಗಂಡ!” ಎಂದು ಇಡೀ ಕೆರೆಗೆ ಕೇಳುವಂತೆ ಕೂಗಿದಳು.

ಕೆರೆಯ ಜನಕ್ಕೆಲ್ಲ ಕೇಳಿಸಿತು. ಎಲ್ಲರೂ ಬಂದರು.

“ಅಮ್ಮಾರ ಜೋಡಿ ಸಿಕ್ಕಾರ, ಇಬ್ಬರದೂ ಪಾದಪೂಜಿ ಆಗ್ಲಿ!” ರಂಭಾಬಾಯಿ ತಾನು ಮಾಡಿದ ಸಂಶಯಕ್ಕೆ ಪ್ರಾಯಶ್ಚಿತ್ತವೆಂಬಂತೆ ಮುಂದೆ ನಿಂತಳು. ಭೇಳದವನು ತನ್ನ ದೊಡ್ಡ ತಾಟು ಬರಿದು ಮಾಡಿಕೊಟ್ಟ. ರೇವಣಪ್ಪ ಚಂಬಿನಲ್ಲಿ ಕೆರೆಯ ನೀರು ತಂದ. ದಂಪತಿಯನ್ನು ಬೆಂಚಿನ ಮೇಲೆ ಕೂರಿಸಿ ತಾಟಿನಲ್ಲಿ ಕಾಲಿಡಿಸಿದರು. ‘ದೂರ ದೂರ ನಿಲ್ರಿ, ಕೊರೋನಾ!’ ಎಂದು ಯಾರೋ ಎಚ್ಚರಿಸಿದ್ದರಿಂದ ಸಾಲು ಮತ್ತಷ್ಟು ಉದ್ದವಾಯಿತು. ಅಯ್ನೋರು ಎಡಗೈಯಲ್ಲಿ ಪ್ಯಾಂಟು ಹಿಡಿದು, ಬಲಗೈಯಲ್ಲಿ ಆಶೀರ್ವದಿಸುತ್ತ ಹೋದರು. ಮುಖದಲ್ಲಿ ಪರಮಾನಂದ.

ಶಿವಕಾಂತಾ ಬಗ್ಗಿ ನೋಡಿಕೊಂಡಳು. ಚೌಪಾಟಿ, ಪಕ್ಕದಲ್ಲಿ ಗಂಡ, ನೀರಲ್ಲಿ ಕಾಲು. ಬೇಡಿದ್ದೆಲ್ಲ ಸಿಕ್ಕಿತ್ತು. ಹೆಬ್ಬೆರಳಿಗೆ ಒಂದು ಚುರುಮುರಿ ಮೆತ್ತಿಕೊಂಡಿತ್ತು.

ಅವಳು ಎದ್ದಳು.

“ಅಮ್ಮಾರ, ಇನ್ನ ಆರತಿ ಅದರೀ!”

ಅವಳು ನಿರಿಗೆ ಎತ್ತಿ ಹಿಡಿದು ನೇರ ಕೆರೆಯ ಕಡೆ ನಡೆದಳು. ಮೊದಲ ಹೆಜ್ಜೆ ನೀರಿಗೆ ಬಿದ್ದದ್ದೇ, ಬೆನ್ನ ಹಿಂದೆ ರಂಭಾಬಾಯಿಯ ದನಿ ಮೊಳಗಿತು: “ಅಮ್ಮಾರ ಪಾದ ಬಿದ್ದ ನೀರು! ಒಂದ ಚಂಬು ತುಂಬ್ಕೋರಿ, ನಮ್ಮ ಬಾವ್ಯಾಗ ಹಾಕೋಣು!” ಸಾಲು ಪೂರಾ ನೀರಿನತ್ತ ಹೊರಳಿತು.

“ಪ್ಯಾಂಟು ಬಿಟ್ಟು ಬರ್ಲಿಕ್ಕ ಆಗವಲ್ದು!” ಎಂದು ಬೆಂಚಿನಿಂದ ಅಯ್ನೋರು ಕೂಗಿದರು.

ಶಿವಕಾಂತಾ ಹಿಂದಿರುಗಿ ನೋಡಲಿಲ್ಲ. “ನಾ ಪೂಜಿಗಿ ಬಂದಾಕಿ ಅಲ್ಲ,” ಎಂದಳು, ಇನ್ನೊಂದು ಹೆಜ್ಜೆ ಒಳಗಿಡುತ್ತ. “ನಾ ಬಂದದ್ದು ಬರೇ ನನ್ನ ಗಂಡನ ಜೋಡಿ ಒಂದೀಟು...” ಎನ್ನುತ್ತ, ನೀರು ಸರಿಸಿಕೊಂಡು ಮುಂದೆ ಮುಂದೆ ನಡೆದಳು.