ಒಂದು ಬಾಟಲಿ, ನಾಲ್ಕು ಕಣ್ಣು

ಡಾಕ್ಟರು: ಮತ್ತೊಮ್ಮೆ ಕೇಳ್ತೀನಿ. ದಿನಾ ಡ್ರಾಪ್ಸ್ ಹಾಕ್ಕೊಂಡಿದೀರಾ?

ಗಂಡ: ಮೂರನೇ ಸಲ ಹೇಳ್ತಿದೀನಿ ಡಾಕ್ಟ್ರೇ. ಒಂದು ದಿನಾನೂ ತಪ್ಪಿಸಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ.

ಹೆಂಡತಿ ಕೈಚೀಲದ ಜಿಪ್ಪನ್ನು ಸುಮ್ಮಸುಮ್ಮನೆ ತೆಗೆದು ಮುಚ್ಚಿದಳು. ಈ ವಿಷಯದಲ್ಲಿ ತನ್ನನ್ನು ಯಾರೂ ಏನೂ ಕೇಳದಿದ್ದರೆ ಸಾಕಾಗಿತ್ತು ಅವಳಿಗೆ.

ಡಾಕ್ಟರು: ಹಾಗಾದ್ರೆ ಕಣ್ಣಿನ ಪ್ರೆಷರ್ ಹದಿನೆಂಟಕ್ಕೆ ಇಳೀಬೇಕಾದ್ದು ಇಪ್ಪತ್ತೆಂಟಕ್ಕೆ ಯಾಕೆ ಹತ್ತಿದೆ?

ಗಂಡ: ಅದನ್ನ ಪ್ರೆಷರನ್ನೇ ಕೇಳ್ಬೇಕು.

ಅವನು ಜೇಬಿನಿಂದ ನಾಲ್ಕು ಖಾಲಿ ಬಾಟಲಿ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಗಡಿಯಾರ ರಿಪೇರಿಯವನ ಕೈ, ಸಾಲು ಒಂದಿಷ್ಟೂ ಸೊಟ್ಟಗಾಗಲಿಲ್ಲ.

ಗಂಡ: ನಾಲ್ಕು ತಿಂಗಳು, ನಾಲ್ಕು ಬಾಟಲಿ. ಇನ್ನೇನು ಸಾಕ್ಷಿ ಬೇಕು?

ಡಾಕ್ಟರು ಒಂದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ತೊಟ್ಟೂ ಇರಲಿಲ್ಲ.

ಡಾಕ್ಟರು: ಅಂದ್ರೆ ಔಷಧಿ ನಿಮಗೆ ನಾಟ್ತಾ ಇಲ್ಲ ಅಂತಾಯ್ತು. ಇನ್ನು ಆಪರೇಷನ್ನೇ. ಹೀಗೇ ಬಿಟ್ರೆ ಒಳಗಿನ ನರ ಒಣಗುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ.

ಗಂಡ: ಆಪರೇಷನ್ ಯಾಕೆ ಡಾಕ್ಟ್ರೇ, ಇನ್ನೊಂದು ತಿಂಗಳು ನೋಡೋಣ.

ಹೆಂಡತಿ ಕೈಚೀಲವನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತಾರು ವರ್ಷ ಆ ಎರಡು ಕಣ್ಣಿಂದಲೇ ಗಡಿಯಾರದಂಗಡಿ ನಡೆದಿತ್ತು.

ಹೆಂಡತಿ: ತಪ್ಪು ನಂದು ಡಾಕ್ಟ್ರೇ. ಆ ಬಾಟಲಿಯಿಂದ ದಿನಾ ಎರಡು ಹನಿ ನಾನು ಕದೀತಿದ್ದೆ.

ಗಂಡ: ನೀನು ಸ್ವಲ್ಪ ಸುಮ್ನಿರು.

ಡಾಕ್ಟರು: ನಿಮಗೂ ಪ್ರೆಷರ್ ಇದೆಯಾ?

ಹೆಂಡತಿ: ಪ್ರೆಷರಲ್ಲ, ರೆಪ್ಪೆ. ಟಿಕೆಟ್ ಕೌಂಟರಲ್ಲಿ ನನ್ನ ಪಕ್ಕ ಕೂರೋಳು ಹೇಳಿದ್ಲು, ಇದನ್ನ ಅಂಚಿಗೆ ಸವರಿದ್ರೆ ರೆಪ್ಪೆಕೂದಲು ಉದ್ದ ಬೆಳಿಯುತ್ತೆ ಅಂತ. ಈ ವಯಸ್ಸಲ್ಲಿ ನಂಗೂ ಒಂದು ಆಸೆ. ಇವರ ಪಾಲಿನದ್ದು ನಾನು ತಗೊಂಡೆ, ಇವರ ಕಣ್ಣು ಕೆಡ್ತು.

ಡಾಕ್ಟರು ಟಾರ್ಚು ಹಿಡಿದು ಬಗ್ಗಿ ನೋಡಿದರು.

ಡಾಕ್ಟರು: ಬೆಳೆದಿದೆ. ಕನ್ನಡಕದ ಗಾಜು ಒರೆಸ್ತಾ ಇದೆ. ಜೊತೆಗೆ ರೆಪ್ಪೆ ಸುತ್ತ ಚರ್ಮಾನೂ ಕಪ್ಪಾಗಿದೆ.

ಹೆಂಡತಿ: ನಿದ್ದೆ ಸಾಲ್ತಿಲ್ಲ ಅಂದ್ಕೊಂಡಿದ್ದೆ.

ಡಾಕ್ಟರು: ಇನ್ನು ನನ್ನ ಚೀಟಿ ಇಲ್ದೆ ಮುಟ್ಟಬೇಡಿ. ಅದಿರ್ಲಿ. ಒಬ್ಬರು ಹಾಕಿದ್ರೆ ಬಾಟಲಿ ಒಂದು ತಿಂಗಳು ಬರುತ್ತೆ. ಇಬ್ಬರು ಹಾಕಿದ್ರೆ?

ಹೆಂಡತಿ: ಹದಿನೈದು ದಿನ.

ಡಾಕ್ಟರು: ನಿಮ್ಮನೇಲಿ ಎಷ್ಟು ದಿನ ಬಂತು?

ಹೆಂಡತಿ: ತಿಂಗಳು. ಕಂಪನಿಯವರು ಧಾರಾಳವಾಗಿ ತುಂಬ್ಸಿರ್ತಾರೆ ಅಂತ ನಾನು...

ಅವಳು ಮೆಲ್ಲಗೆ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ನಾಳೆ ಪರೀಕ್ಷೆ ಇರುವವನಂತೆ ಓದುತ್ತಿದ್ದ. ಅವನ ರೆಪ್ಪೆ ಮದುವೆಯಾದ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಗಂಡ: ಉರಿಯುತ್ತೆ ಡಾಕ್ಟ್ರೇ. ಹಾಕಿದ್ರೆ ಕಣ್ಣು ಕೆಂಡ. ಮೊದಲನೇ ವಾರಾನೇ ಒಬ್ಬ ಗಿರಾಕಿ ನನ್ನ ಮುಖ ನೋಡಿ, ಕುಡಿದು ಕೂತಿದಾನೆ ಅಂತ ಗಡಿಯಾರ ವಾಪಸ್ ಇಸ್ಕೊಂಡು ಹೋದ. ಅವತ್ತೇ ಬಿಟ್ಟೆ.

ಡಾಕ್ಟರು: ಉರಿಯುತ್ತೆ ಅಂತ ಒಂದು ಮಾತು ಹೇಳಿದ್ರೆ ಬೇರೆ ಬರ್ಕೊಡ್ತಿದ್ನಲ್ಲ.

ಆಪರೇಷನ್ ಮಾತು ಒಂದು ತಿಂಗಳು ಮುಂದೆ ಹೋಯಿತು. ಡಾಕ್ಟರು ಹೊಸ ಚೀಟಿ ಬರೆದು ಹೆಂಡತಿಯ ಕೈಗೇ ಕೊಟ್ಟರು.

ಡಾಕ್ಟರು: ನೀವೇ ನಿಂತು ಇವರ ಕಣ್ಣಿಗೆ ಹಾಕಿ. ಇದರಲ್ಲಿ ರೆಪ್ಪೆ ಬೆಳಿಯಲ್ಲ, ಅದಕ್ಕೇ ಧೈರ್ಯವಾಗಿ ಕೊಡ್ತಿದೀನಿ.

ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ಅವಳು ನಿಂತಳು.

ಹೆಂಡತಿ: ಬಾಟಲಿ ತನ್ನಷ್ಟಕ್ಕೆ ತಾನೇ ಖಾಲಿ ಆಗ್ತಿತ್ತಲ್ಲ, ನಿಮಗೆ ಅನುಮಾನ ಬರ್ಲಿಲ್ವಾ?

ಗಂಡ: ಎರಡನೇ ತಿಂಗಳೇ ಗೊತ್ತಾಯ್ತು. ನಿನ್ನ ರೆಪ್ಪೆ ನೋಡಿದೆ. ತುಂಬ ಚೆನ್ನಾಗಿ ಕಾಣುತ್ತೆ.

ಈ ಒಂದು ಮಾತಿಗೆ ಅವಳು ನಾಲ್ಕು ತಿಂಗಳು ಕಾದಿದ್ದಳು. ಕೋಪ ಅರ್ಧ ಇಳಿಯಿತು.

ಹೆಂಡತಿ: ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?

ಗಂಡ: ಹೇಳಿ, ನೀನು ನಾಚ್ಕೊಂಡು ನಿಲ್ಲಿಸಿಬಿಟ್ಟಿದ್ರೆ? ಆಮೇಲೆ ಬಾಟಲಿ ಖಾಲಿ ಮಾಡೋರು ಯಾರು?