ತೊಳೆದ ತಾಟು

ಅಧ್ಯಕ್ಷರ ಫೋನಿಗೆ ಪಾರ್ಶ್ವ "ಹೂಂ ರೀ" ಅಂದದ್ದೇ ಎಲ್ಲಕ್ಕೂ ಮೂಲ.

"ಇವತ್ತ ಸಂಜಿ ಐದಕ್ಕ ಕ್ಯಾಂಪಿಗೆ ಬರ್ರಿ, ವಿನಯಗೂ ಹೇಳೀನಿ. ಇಂಡೋನೇಷ್ಯಾದ ಊಟ ಮಾಡೂಣು. ಬದ್ಲಿ ವಿಷಯಾನೂ ಅಲ್ಲೇ ಮಾತಾಡೂಣು," ಅಂದಿದ್ದರು ಗುರುಪುತ್ರಪ್ಪನವರು.

ಇಂಡೋನೇಷ್ಯಾ ಯಾವ ದಿಕ್ಕಿಗಿದೆಯೆಂದು ಪಾರ್ಶ್ವನಿಗೆ ಗೊತ್ತಿರಲಿಲ್ಲ. ಬದಲಿ, ಅಂದರೆ ವರ್ಗಾವಣೆ, ಅನ್ನುವ ಶಬ್ದ ಮಾತ್ರ ಎಂಟು ವರ್ಷದಿಂದ ಬಾಯಿಪಾಠವಾಗಿತ್ತು. ಗುರುಪುತ್ರಪ್ಪನವರು ಅಧ್ಯಕ್ಷರಾಗಿದ್ದ ಖಾನಾಪುರದ ಸಹಕಾರಿ ಸೊಸೈಟಿಯ ಜಾಂಬೋಟಿ ಶಾಖೆಯಲ್ಲಿ ಇದ್ದದ್ದು ಇಬ್ಬರೇ, ಅವನು ಮತ್ತು ವಿನಯ. ಬೆಳಗಾವಿ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಇಬ್ಬರಲ್ಲಿ ಒಬ್ಬನಿಗೆ ಅದು ಸಿಗುವುದಿತ್ತು.

ಜಾಂಬೋಟಿ ಎಂಥ ಊರೆಂದರೆ, ಮಳೆಗಾಲದಲ್ಲಿ ಕುರ್ಚಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಮೇಲಿನ ಸಂಸ್ಥಾಪಕರ ಫೋಟೋಕ್ಕೂ ಬೂಷ್ಟು. ಅದನ್ನೆಲ್ಲ ಪಾರ್ಶ್ವ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಸಂಜೆಯ ಊಟ. ಅವನದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಂದು ಹನಿ ಮಜ್ಜಿಗೆಯೂ ಬಾಯಿಗಿಲ್ಲ. ಶಾಖೆ ಮುಚ್ಚಿ, ಮೂವತ್ತು ಕಿಲೋಮೀಟರ್ ಬೈಕ್ ಹೊಡೆದು ಬೆಳಗಾವಿಯ ಅನಗೋಳದ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಆದ್ದರಿಂದ ದಿನವೂ ಐದೂವರೆಗೆ ರಜಿಸ್ಟರುಗಳ ನಡುವೆ ಒಬ್ಬನೇ ಕೂತು ಡಬ್ಬಿ ತೆರೆದು, ಆರಿದ ರೊಟ್ಟಿ ಮುರಿಯುತ್ತಿದ್ದ. ಮಗಳು ಸಮೃದ್ಧಿಗೆ ಈಗ ಎಂಟು ವರ್ಷ. ಅಪ್ಪ ಸಂಜೆ ಉಣ್ಣುವುದು ಭಾನುವಾರ ಮಾತ್ರ ಎಂದೇ ಅವಳು ನಂಬಿದ್ದಳು.

"ಬದ್ಲಿ ಆತಂದ್ರ ಸೋಮವಾರದಿಂದ ಮೂರೂ ತಾಟು ಕೂಡೇ ಹಾಕತೀನಿ ನೋಡ್ರಿ," ಅಂದಿದ್ದಳು ಹೆಂಡತಿ ಅನುಜಾ, ಬೆಳಿಗ್ಗೆ ಬಾಗಿಲಲ್ಲಿ ನಿಂತು.

ಅಂದು ಶನಿವಾರ, ಅಧ್ಯಕ್ಷರ ಅಪ್ಪಣೆಯಂತೆ ಶಾಖೆ ಬೇಗ ಮುಚ್ಚಿತು. ಬೈಕಿನ ಹಿಂದೆ ಕೂತ ವಿನಯ ದಾರಿಯುದ್ದಕ್ಕೂ ಉಪದೇಶ ಮಾಡಿದ. "ಪಾರ್ಶ್ವಣ್ಣ, ಸಾಹೇಬ್ರ ಮುಂದ ಮಾರಿ ಸಣ್ಣದು ಮಾಡಬ್ಯಾಡ್ರಿ ಮತ್ತ. ತಾಟು ಖಾಲಿ ಕಂಡ್ರ ಅವರು ಖುಷ್ ಆಗ್ತಾರ."

ಪಾರ್ಶ್ವನಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಅವನ ತಾಯಿ ಅಕ್ಕಾತಾಯಿ ಹಾಲು ಬಿಡಿಸಿದಂದಿನಿಂದ ಕಲಿಸಿದ್ದು ಅದನ್ನೇ. ತಾಟಿನಲ್ಲಿ ಒಂದು ಅಗುಳೂ ಬಿಡಬಾರದು. ಬಿಟ್ಟದ್ದು ಕೊಳೆತು ಜೀವ ಹುಟ್ಟಿ ಸತ್ತರೆ ಆ ಪಾಪ ಉಂಡವನದು. ಕಡೆಗೆ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ತಾಯಿ ಹೋಗಿ ಆರು ವರ್ಷವಾದರೂ ಬೆರಳುಗಳು ಅದನ್ನು ಮರೆತಿರಲಿಲ್ಲ.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರ ಮುಂಗೋಣೆಯಲ್ಲಿ ಆರು ಮೇಜುಗಳ ಹೋಟೆಲು. ನಡೆಸುವವಳು ಕಾಂತಾ, ಕಾರವಾರದ ಕಡೆಯವಳು, ಬಾಲಿಯ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ಅಡಿಗೆ ಮಾಡಿ ಬಂದವಳು. ತನಗೆ ಗಡ್ಡೆಗೆಣಸು ನಡೆಯದೆಂದು ಪಾರ್ಶ್ವ ಮೊದಲೇ ಫೋನ್ ಮಾಡಿ ತಿಳಿಸಿದ್ದ.

"ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಒಂದೂ ಹಾಕಿಲ್ಲ ರೀ. ಮೀನಿನ ವಾಸನಿ ಸೈತ ಇಲ್ಲ. ನಿಮ್ಮ ಸಲುವಾಗಿ ಪಾತ್ರೆ ಬ್ಯಾರೆ ಇಟ್ಟೀನಿ," ಅಂದಳು ಕಾಂತಾ. ಇಷ್ಟು ಮಾಡಿದವಳ ಅಡಿಗೆಯನ್ನು ಬೇಡ ಅನ್ನಲು ಪಾರ್ಶ್ವನಿಗೆ ಯಾವ ನೆಪವೂ ಉಳಿಯಲಿಲ್ಲ.

ಅಡಿಗೆ ಬರುವಾಗ ಐದೂ ನಲವತ್ತು. ಕಾರ್ತಿಕದ ಹೊತ್ತು, ಆರಕ್ಕೆ ಮುಳುಗುವಂಥದು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಗುರುಪುತ್ರಪ್ಪನವರ ಫೋನ್ ಹೊಡೆದುಕೊಂಡಿತು. "ನೀವು ಚಾಲೂ ಮಾಡ್ರಿ," ಎಂದು ಅವರು ಅಂಗಳಕ್ಕೆ ಹೋದರು.

ತಾಟಿನಲ್ಲಿ ಬೇಯಿಸಿದ ಅವರೆಕಾಯಿ, ಕೋಬಿಜು ಅಂದರೆ ಎಲೆಕೋಸು, ಅದರ ಮೇಲೆ ಶೇಂಗಾದ ಗಟ್ಟಿ ಸಾರು. ಬಾಯಿಗಿಟ್ಟರೆ ಶೇಂಗಾ ಹೋಳಿಗೆಯ ಹೂರಣಕ್ಕೆ ಯಾರೋ ಸಿಟ್ಟಿನಿಂದ ಖಾರ ಕಲಸಿದ ಹಾಗಿತ್ತು. ಬಾಜೂಕ್ಕೆ ಟೆಂಪೆ ಎಂಬ ಹೆಸರಿನ ಕರಿದ ಬಿಲ್ಲೆಗಳು. ಸೋಯಾ ಕಾಳನ್ನು ಒತ್ತಿ ಇಟ್ಟಂಗಿ ಮಾಡಿದ್ದರು. ಮೊದಲ ತುತ್ತನ್ನು ಪಾರ್ಶ್ವ ನೀರು ಕುಡಿದು ಒಳಗಿಳಿಸಿದ.

ವಿನಯ ಒಂದು ತುಂಡು ಕಚ್ಚಿ ತಾಟು ಸರಿಸಿದ. "ನನಗ ಇದು ನಡ್ಯಂಗಿಲ್ಲ ರೀ ಬಾಯಾರ. ಒಂದೆರಡು ಮಿರ್ಚಿ ಭಜಿ ಸಿಗತಾವೇನು?"

ಮುಗಿಯಿತು ಇವನ ಕಥೆ ಎಂದು ಪಾರ್ಶ್ವ ಒಳಗೊಳಗೇ ಹಿಗ್ಗಿದ. ಕಿಟಕಿಯಾಚೆ ಬಿಸಿಲು ಕೆಂಪಾಗುತ್ತಿತ್ತು. ಅವನು ಉಸಿರು ಬಿಗಿಹಿಡಿದು, ರುಚಿ ನಾಲಿಗೆಗೆ ತಾಗುವ ಮೊದಲೇ ನುಂಗತೊಡಗಿದ. ಖಾಲಿ ತಾಟು ಕಂಡ ಕಾಂತಾ ಮತ್ತೆ ಬಡಿಸಿದಳು.

"ಸಾಕ್ ರೀ," ಅಂದ.

ನಮ್ಮ ಕಡೆ ಉಣ್ಣುವವನ ಮೊದಲ ಸಾಕನ್ನು ಯಾರೂ ನಂಬುವುದಿಲ್ಲ. ಎರಡನೆಯದನ್ನು ಕಾಂತಾ ನಂಬಲಿಲ್ಲ. ಮೂರನೆಯದನ್ನು ಹೇಳಲು ಅವನ ಬಾಯಲ್ಲಿ ಜಾಗವಿರಲಿಲ್ಲ. ಆರಕ್ಕೆ ಎರಡು ನಿಮಿಷವಿದ್ದಾಗ ಎಲ್ಲ ಮುಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ತಾಟಿಗೆ ನೀರು ಸುರಿದು, ತೊಳೆದು, ಗಟಗಟ ಕುಡಿದ.

ಕಾಂತಾ ಸೌಟು ಹಿಡಿದು ನಿಂತೇ ಇದ್ದಳು. ಗುರುಪುತ್ರಪ್ಪನವರು ಒಳಗೆ ಬಂದ ಕೂಡಲೇ ಅವಳು ಸೌಟಿನಿಂದಲೇ ಪಾರ್ಶ್ವನ ತಾಟು ತೋರಿಸಿದಳು.

"ಸಾಹೇಬ್ರ, ಇಷ್ಟು ವರ್ಷ ಮಂದಿಗೆ ಬಡಿಸೀನಿ. ಇವರಂಗ ತಾಟು ತೊಳದು ಕುಡದಾವ್ರನ್ನ ಕಂಡಿಲ್ಲ. ಕಣ್ಣಾಗ ನೀರು ಬಂದಾವ ನೋಡ್ರಿ."

"ಅದು ನಮ್ಮ ಮನಿ ಪದ್ಧತಿ ರೀ," ಎಂದು ಪಾರ್ಶ್ವ ತಡವರಿಸಿದ.

"ಸಂಕೋಚ ಯಾಕ?" ಗುರುಪುತ್ರಪ್ಪನವರು ಬೆನ್ನು ತಟ್ಟಿದರು. "ಖರೇ ಹೇಳತೀನಿ, ಟೆಂಪೆ ನನಗ ಸೇರಂಗಿಲ್ಲ. ಆದ್ರ ಈ ಕಾಂತಾಬಾಯಾರ ಕೂಡ ಸೊಸೈಟಿಯವ್ರು ಜಾಂಬೋಟಿಯೊಳಗ ಟೆಂಪೆ ಮಾಡೂ ಘಟಕ ತಗೀತೀವಿ. ಇದರ ರುಚಿ ತಿಳದಾಂವ ಒಬ್ಬ ಅಲ್ಲೇ ಮುಂದ ನಿಂದ್ರಬೇಕಿತ್ತು. ಅದಕ್ಕ ನಿಮ್ಮಿಬ್ಬರನೂ ಕರಸಿದ್ದೆ."

"ಜಾಂಬೋಟಿಯೊಳಗ ಯಾಕ್ರಿ?" ಪಾರ್ಶ್ವ ಕೇಳಿದ.

ಉತ್ತರ ಕಾಂತಾ ಕೊಟ್ಟಳು. "ಕಾಳಿಗೆ ಬೂಷ್ಟು ಹಿಡಿಸೇ ಇದನ್ನ ಮಾಡೂದು ರೀ. ಅಲ್ಲಿ ಹವಾ ಹೇಳಿ ಮಾಡಿಸಿದಂಗೈತಿ."

ಉಪ್ಪಿನಕಾಯಿ ಭರಣಿಯ ಮೇಲೆ ಬೂಷ್ಟಿನ ಎಳೆ ಕಂಡರೂ ಭರಣಿ ಸಮೇತ ಎಸೆಯುವ ಮನೆ ಪಾರ್ಶ್ವನದು. ತಿಂದ ಬಿಲ್ಲೆಗಳನ್ನು ಅವನು ಮನಸ್ಸಿನಲ್ಲೇ ಎಣಿಸಿದ.

"ಐದು ವರ್ಷ ನಿಮ್ಮನ್ನ ಅಲ್ಲಿಂದ ಯಾರೂ ಅಲಗಾಡಸಂಗಿಲ್ಲ," ಅಂದರು ಅಧ್ಯಕ್ಷರು. "ಸಂಜಿ ಏಳರ ತನಕ ಇರಬೇಕಾಗತೈತಿ, ಅಷ್ಟ. ವಿನಯ, ನೀ ಸೋಮವಾರ ಬೆಳಗಾವಿ ಶಾಖಾಕ್ಕ ಹಾಜರಾಗು."

ವಿನಯ ಮಿರ್ಚಿ ಭಜಿ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ.

ಪಾರ್ಶ್ವ ಅನಗೋಳಕ್ಕೆ ಬಂದಾಗ ದೀಪ ಹತ್ತಿದ್ದವು. ಕೈಯಲ್ಲಿ ಕಾಂತಾ ಪ್ರೀತಿಯಿಂದ ಕಟ್ಟಿಕೊಟ್ಟ ಟೆಂಪೆಯ ಪೊಟ್ಟಣ. ಅಡಿಗೆಮನೆಯ ಅಟ್ಟಣಿಗೆಯ ಮೇಲೆ ಅನುಜಾ ಮೂರು ತಾಟುಗಳನ್ನು ತಿಕ್ಕಿ ಸಾಲಾಗಿ ಇಟ್ಟಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಕೂತು ಎಲ್ಲವನ್ನೂ ಹೇಳಿದ.

"ತಾಟಿನ್ಯಾಗ ಒಂದು ತುತ್ತರ ಬಿಡಬೇಕಿಲ್ಲೇನ್ರಿ?" ಅಂದಳು ಅನುಜಾ.

"ಬಿಡೂದನ್ನ ನನಗ ಯಾರು ಕಲಿಸ್ಯಾರ?" ಅಂದ ಪಾರ್ಶ್ವ.

ಅನುಜಾ ಎದ್ದು, ಸೋಮವಾರಕ್ಕೆಂದು ಅವನ ಊಟದ ಡಬ್ಬಿಯನ್ನು ಕೆಳಗಿಳಿಸಿದಳು.